ಹಡಗು ಹತ್ತುವ ಮೊದಲು ಓದು

ಪುಟ್ಟಿ,

ನಾಳೆ ಬೆಳಿಗ್ಗೆ ನೀನು ಕೊಚ್ಚಿಗೆ ಹೊರಡುತ್ತೀಯ. ಭಾನುವಾರ ಊಟದ ಹೊತ್ತಿಗೆ ಆಗಿದ್ದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ.

ನೀನು ಮಾತು ಬಿಟ್ಟ ಈ ನಾಲ್ಕು ದಿನ ನಿನ್ನ ಮೇಜಿನ ಮೇಲಿದ್ದ ಕಾಗದಗಳನ್ನು ಓದಿದೆ. ಅರ್ಥವಾಗದ್ದನ್ನು ಮೊಬೈಲಲ್ಲಿ ಹುಡುಕಿದೆ. ಗಲ್ಪರ್ ಈಲ್, ನೀನು ಹಡಗು ಹತ್ತಿ ಹುಡುಕಲು ಹೊರಟಿರುವ ಆಳಸಮುದ್ರದ ಮೀನು. ನೋಡೋಕೆ ನಮ್ಮ ಹಾವುಮೀನಿನ ಹಾಗೇ. ಉದ್ದ ಮುಕ್ಕಾಲು ಮೀಟರ್, ಹೆಚ್ಚೆಂದರೆ ಒಂದು ಮೀಟರ್. ಅದರಲ್ಲಿ ಕಾಲು ಭಾಗ ಬರೀ ದವಡೆ! ಬಾಲ ಚಾಟಿಯ ಹಾಗೆ ಸಣ್ಣಗಾಗುತ್ತಾ ಹೋಗಿ ತುದಿಯಲ್ಲಿ ಮಿಣುಕುತ್ತದೆ. ಹುರುಪೆ ಇಲ್ಲ, ಪಕ್ಕೆಲುಬು ಇಲ್ಲ, ತೇಲುವುದಕ್ಕೆ ಗಾಳಿಚೀಲವೂ ಇಲ್ಲ. ಕಣ್ಣು ಅಂದರೆ ಮೂತಿಯ ತುದಿಗೆ ಎರಡು ಸಾಸಿವೆ ಕಾಳು ಅಂಟಿಸಿದ ಹಾಗೆ. 2018ರಲ್ಲಿ ಹವಾಯಿ ಕಡೆ ತೆಗೆದ ವಿಡಿಯೋ ನೋಡಿದೆ. ಕಪ್ಪು ಬಲೂನಿನ ಹಾಗೆ ಊದಿಕೊಂಡಿತ್ತು. ನೀರು ಹೊರಗೆ ಬಿಟ್ಟಮೇಲೆ ಮತ್ತೆ ಹಾವಿನ ಹಾಗಾಯಿತು. ಅಮ್ಮನನ್ನೂ ಕರೆದು ತೋರಿಸಿದೆ. ಅಷ್ಟು ದೊಡ್ಡ ಬಾಯಿ ಇದ್ದರೂ ಅದು ಜಾಸ್ತಿ ತಿನ್ನುವುದು ಸಣ್ಣ ಸಿಗಡಿಯಂಥವನ್ನೇ ಅಲ್ವಾ? ಹಲ್ಲೂ ಚಿಕ್ಕವು. ಅಪರೂಪಕ್ಕೆ ದೊಡ್ಡದೇನಾದರೂ ಸಿಕ್ಕರೆ ಹಿಡಿಸಲಿ ಅಂತ ಹೊಟ್ಟೆಯೂ ಹಿಗ್ಗುತ್ತದಂತೆ.

ಇದೆಲ್ಲ ನಿನಗೆ ಗೊತ್ತಿರುವುದೇ. ನನ್ನ ನಿದ್ದೆ ಕೆಡಿಸಿದ್ದು ಅದು ಇರುವ ಆಳ. 500ರಿಂದ 3,000 ಮೀಟರ್. ನಮ್ಮ ಮುಳ್ಳಯ್ಯನಗಿರಿಯೇ 1,930. ಅದನ್ನು ಕಿತ್ತು ಅಲ್ಲಿ ಇಳಿಸಿದರೆ ತುದಿಯ ಮೇಲೆ ಇನ್ನೂ ಸಾವಿರ ಮೀಟರ್ ನೀರು ನಿಲ್ಲುತ್ತದೆ. ಇಳಿಯುವುದು ಬಲೆ, ನಾನಲ್ಲ ಅಂತ ನೀನು ಹತ್ತು ಸಲ ಹೇಳಿದ್ದೀಯ. ಆದರೂ ಕಣ್ಣು ಮುಚ್ಚಿದರೆ ನನಗೆ ತೋಟದ ಕೆಳಗಿನ ಹಳ್ಳವೇ ಬರುತ್ತದೆ.

ಆಗ ನಿನಗೆ ಏಳು ವರ್ಷ. ಆಷಾಢದ ಮಳೆ. ಹಳ್ಳ ಕೆಂಪಗೆ ಹೇಮಾವತಿ ಕಡೆ ನುಗ್ಗುತ್ತಿತ್ತು. ಅಡ್ಡ ಬಿದ್ದಿದ್ದ ಮರದ ಪಕ್ಕ ನೀನು ಮಂಡಿಯೂರಿ, ಬಂಡೆಯ ಸಂದಿಗೆ ತೋಳು ಪೂರ್ತಿ ತೂರಿಸಿದ್ದೆ. 'ಅಪ್ಪಾ, ಹಾವುಮೀನು, ಮೆತ್ತಗಿದೆ' ಅಂದೆ. ನಾನು ರಟ್ಟೆ ಹಿಡಿದು ಎಳೆದೆ. ಬೆನ್ನಿಗೆ ಎರಡು ಬಾರಿಸಿದೆ. ನೀನು ಅಳಲಿಲ್ಲ. ಕೈಗೆ ಅಂಟಿದ ಲೋಳೆಯನ್ನು ನೋಡುತ್ತಾ ನಿಂತೆ. ಬೆರಳು ಅಗಲ ಮಾಡಿದರೆ ಎಳೆ ಎಳೆಯಾಗಿ ಬರುತ್ತಿತ್ತು. ಒರೆಸು ಅಂದೆ. ಒರೆಸಲಿಲ್ಲ. ಮಳೆಯಲ್ಲಿ ತೊಳೆದು ಹೋಗದಿರಲಿ ಅಂತ ಆ ಕೈಯನ್ನು ಕಂಬಳಿಕೊಪ್ಪೆಯ ಒಳಗೆ ಇಟ್ಟುಕೊಂಡು ಮನೆ ತನಕ ಬಂದೆ. ಏನು ನೋಡ್ತಿದ್ದೀಯ ಅಂತ ನಾನು ಕೇಳಬಹುದಿತ್ತು. ಕೇಳಲಿಲ್ಲ. ಹದಿನೆಂಟು ವರ್ಷ ಆಯ್ತು, ಪ್ರತಿ ಮಳೆಗಾಲ ಆ ಬಂಡೆ ದಾಟುವಾಗ ನೆನಪಾಗುತ್ತದೆ. ಎಳೆದದ್ದು ತಪ್ಪಲ್ಲ ಪುಟ್ಟಿ. ಹೊಡೆದದ್ದು ತಪ್ಪು. ಭಾನುವಾರವೂ ಎಳೆಯಲು ಹೋಗಿ ಹೊಡೆದುಬಿಟ್ಟೆ, ಬಾಯಲ್ಲಿ.

ಲೈಫ್ ಜಾಕೆಟ್ ಬಿಚ್ಚಬೇಡ. ಡೆಕ್ ಒದ್ದೆ ಇರುತ್ತದೆ, ಓಡಬೇಡ. ಬಲೆ ಎಳೆಯುವ ಯಂತ್ರದ ಹತ್ತಿರ ದುಪಟ್ಟಾ ಬೇಡ, ಕೂದಲು ಬಿಗಿಯಾಗಿ ಕಟ್ಟು. ರಾತ್ರಿ ಒಬ್ಬಳೇ ಕಂಬಿಗೆ ಒರಗಿ ನಿಲ್ಲಬೇಡ. ವಾಂತಿ ಆದರೂ ಊಟ ಬಿಡಬೇಡ, ಬೇರೆಯವರ ಮುಂದೆ ಗಟ್ಟಿಗಿತ್ತಿ ಅನ್ನಿಸಿಕೊಳ್ಳೋಕೆ ಸುಮ್ನೆ ನಿಲ್ಲಬೇಡ. ಜಾಸ್ತಿ ಆಯ್ತು ಅಂತ ಗೊತ್ತು. ಜಾಕೆಟ್ ಒಂದು ಮಾತ್ರ ಕೇಳು.

ನಿನ್ನೆ ಮೂಡಿಗೆರೆಯಲ್ಲಿ ಮೀನಿನಂಗಡಿ ಸಾಬರಿಗೆ ನಿನ್ನ ವಿಷಯ ಹೇಳಿದೆ. ಆ ಮೀನಿನ ಫೋಟೋ ತೋರಿಸಿದೆ. ಅವರು ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು ಫೋನ್ ಹಿಡಿದು ನೋಡಿದರು. ನನ್ನ ಎದೆ ತುಂಬಿ ಬಂತು.

ಈ ಮೀನು ಬಲೆಯಲ್ಲಿ ಮೇಲೆ ಬರುವಾಗ ಎಷ್ಟೋ ಸಲ ಬಾಲ ಗಂಟು ಬಿದ್ದಿರುತ್ತದೆ ಅಂತ ಓದಿದೆ. ಆ ಗಂಟನ್ನು ನೀವು ಬಿಡಿಸುತ್ತೀರಾ, ಹಾಗೇ ಇಡುತ್ತೀರಾ? ಕೈಗೆ ಹೇಗಿರುತ್ತದೆ, ಇದೂ ಮೆತ್ತಗಾ? ದಡಕ್ಕೆ ಬಂದ ದಿನ ಫೋನ್ ಮಾಡಿ ಹೇಳು. ಅಮ್ಮನಿಗೆ ಕೊಡು ಅನ್ನಬೇಡ, ನನಗೇ ಹೇಳು.

ನಿನ್ನ ಅಪ್ಪ