ಶಶಿಗೊಂದು ಪತ್ರ: ತುಂಬಿಕೊಂಡೇ ಇರುವ ನನ್ನ ಬಾಟಲಿ

ಪ್ರೀತಿಯ ಶಶಿ,

ವಾಟ್ಸಾಪ್‌ನಲ್ಲಿ ಕಳಿಸಿದರೆ ನೀನು ನೋಡುತ್ತೀಯ, ಓದುವುದಿಲ್ಲ. ಹೀಗೆ ನಾಲ್ಕು ಜನರ ಮುಂದೆ ಹಾಕಿದರೆ ಮರ್ಯಾದೆಗಾದರೂ ಓದಬೇಕಾಗುತ್ತದೆ. ಉಳಿದವರೂ ಓದಲಿ, ಬೇಜಾರಿಲ್ಲ. ಮಂತ್ರಾಲಯದ ತೆಂಗಿನಕಾಯಿ ವಿಷಯ ಮಾತ್ರ ಎತ್ತುವುದಿಲ್ಲ. ನಿಮ್ಮ ಯಜಮಾನರೂ ಇಲ್ಲೇ ಇದ್ದಾರೆ.

ರಾಯಚೂರಿನಲ್ಲಿ ಬಿಸಿಲು ಶುರುವಾಗಿದೆ. ಹನ್ನೊಂದು ಗಂಟೆಗೆಲ್ಲ ಮಾನ್ವಿ ಬಸ್ಸಿನ ಕಿಟಕಿ ಸರಳು ಮುಟ್ಟುವ ಹಾಗಿಲ್ಲ. ಬೆಂಗಳೂರಿನವಳಾಗಿಬಿಟ್ಟಿದ್ದೀಯ, ಬಿಡು, ನಿನಗೇನು ಗೊತ್ತು. ಪರೀಕ್ಷೆ ಹತ್ತಿರ ಬಂತು ಅಂತ ಏಳನೇ ಕ್ಲಾಸಿಗೆ ಕಿಡ್ನಿ ಪಾಠ ಇನ್ನೊಂದು ಸಲ ಮಾಡಿದೆ. ನನಗೆ ಮೊದಲಿಂದಲೂ ಆ ಪಾಠ ಇಷ್ಟ. ಹೃದಯಕ್ಕೆ ಕವಿಗಳಿದ್ದಾರೆ. ಕಿಡ್ನಿಗೆ ಯಾರಿದ್ದಾರೆ ಹೇಳು?

ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ, ಬೆನ್ನಿಗೆ ಅಂಟಿಕೊಂಡು, ಮುಷ್ಟಿಯಷ್ಟು ದಪ್ಪದವು ಎರಡು. ಒಂದೊಂದೂ ಸುಮಾರು 150 ಗ್ರಾಂ. ಬಲಗಡೆಯದು ಲಿವರ್‌ಗೆ ಜಾಗ ಬಿಟ್ಟು ಸ್ವಲ್ಪ ಕೆಳಗೆ ಕೂತಿರುತ್ತದೆ. ಇಷ್ಟು ಸಣ್ಣವಕ್ಕೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದರಲ್ಲೊಂದು ಪಾಲು ಬೇಕು. ನಿಮಿಷಕ್ಕೆ ಒಂದು ಲೀಟರಿಗೂ ಜಾಸ್ತಿ! ಒಂದೊಂದರಲ್ಲೂ ಹತ್ತು ಲಕ್ಷದಷ್ಟು ನೆಫ್ರಾನ್, ಅಂದರೆ ಸೋಸುವ ಪುಟಾಣಿ ನಳಿಕೆಗಳು. ಎಲ್ಲಾ ಸೇರಿ ದಿನಕ್ಕೆ 180 ಲೀಟರ್ ಸೋಸುತ್ತವೆ. ಹೊರಗೆ ಬರುವುದು ಒಂದೂವರೆ ಲೀಟರ್.

ಉಳಿದದ್ದು ಎಲ್ಲಿ ಹೋಯಿತು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಕಿಡ್ನಿ ರಕ್ತದಿಂದ ಕೊಳೆಯನ್ನು ಹುಡುಕಿ ತೆಗೆಯುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅದರ ಲೆಕ್ಕವೇ ಉಲ್ಟಾ. ಯುಗಾದಿಗೆ ಮುಂಚೆ ಅವ್ವ ಮನೆ ಸಾಮಾನೆಲ್ಲ ಅಂಗಳಕ್ಕೆ ಹಾಕಿ, ಬೇಕಾದದ್ದನ್ನು ಮಾತ್ರ ಒಂದೊಂದೇ ಒಳಗೆ ತರುತ್ತಿದ್ದಳಲ್ಲ, ಹಾಗೆ. ರಕ್ತಕಣ, ದೊಡ್ಡ ಪ್ರೋಟೀನು ಒಳಗೇ ಉಳಿಯುತ್ತವೆ. ನೀರು, ಉಪ್ಪು, ಸಕ್ಕರೆ, ಯೂರಿಯಾ ಅನ್ನುವ ಕಸ ಎಲ್ಲವೂ ನಳಿಕೆಗೆ ಇಳಿಯುತ್ತವೆ. ಆಮೇಲೆ ದಾರಿಯುದ್ದಕ್ಕೂ ಆರಿಸಿಕೊಳ್ಳುವ ಕೆಲಸ. ಸಕ್ಕರೆ ಪೂರ್ತಿ ವಾಪಸ್. ನೀರು ನೂರರಲ್ಲಿ 99 ಪಾಲು ವಾಪಸ್. ಯಾರಿಗೂ ಬೇಡವಾದದ್ದು ಮೂತ್ರ. ಎಷ್ಟೋ ಔಷಧಿಗಳೂ ಹೀಗೇ ಹೊರಗೆ ಹೋಗುತ್ತವೆ. ಅವನ್ನು ಗುರುತು ಹಿಡಿಯುವ ತಾಪತ್ರಯವೇ ಇಲ್ಲ. ಎಂಥಾ ಜಾಣತನ ನೋಡು.

ಕುಡಿಯುವ ನೀರು ಕಮ್ಮಿಯಾದರೆ ಮೆದುಳಿಗೆ ತಕ್ಷಣ ಗೊತ್ತಾಗುತ್ತದೆ. ಅಲ್ಲಿಂದ ಎಡಿಎಚ್ ಅನ್ನುವ ಹಾರ್ಮೋನು ಬರುತ್ತದೆ. ಆಗ ನಳಿಕೆಯ ಕೊನೆಯಲ್ಲಿ ನೀರು ವಾಪಸ್ ಬರುವ ದಾರಿಗಳು ಇನ್ನಷ್ಟು ತೆರೆದುಕೊಳ್ಳುತ್ತವೆ. ಮೂತ್ರ ಕಮ್ಮಿಯಾಗುತ್ತದೆ, ಬಣ್ಣ ಕಡುವಾಗುತ್ತದೆ. ಆದರೆ ಎಷ್ಟೇ ಜಿಪುಣತನ ಮಾಡಿದರೂ ದಿನದ ಯೂರಿಯಾ, ಉಪ್ಪು ಹೊರಗೆ ಹಾಕಲು ಅರ್ಧ ಲೀಟರಿನಷ್ಟಾದರೂ ನೀರು ಖರ್ಚಾಗಲೇಬೇಕು. ನೀನು ಕುಡಿಯದಿದ್ದರೆ ಮೈಯಲ್ಲಿರುವುದನ್ನೇ ತೆಗೆದುಕೊಳ್ಳುತ್ತದೆ. ಆ ಗಟ್ಟಿ ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್ ಸೇರಿ ಹರಳು ಕಟ್ಟಬಹುದು. ಅದಕ್ಕೇ ನಮ್ಮ ಬಿಸಿಲಿನಲ್ಲಿ ನೀರು ಜಾಸ್ತಿ ಕುಡಿಯಬೇಕು, ತಿಳೀತಾ ಅಂದೆ.

ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕನೆ ನಕ್ಕರು. ಯಾಕೆ ಅಂದೆ. ಒಬ್ಬಳು ಎದ್ದು ನಿಂತಳು.

"ಟೀಚರ್ರೀ, ನಿಮ್ಮ ಬಾಟಲಿ ನೀರು ದಿನಾ ಸಂಜಿಕ ಬೇವಿನ ಗಿಡಕ್ಕ ನಾನ ಹಾಕ್ತೀನಲ್ರೀ. ನೀವು ಕುಡಿಯಾದ ಇಲ್ಲ."

ಹುಡುಗರಿಗೆ ಏನೂ ಅರ್ಥವಾಗಲಿಲ್ಲ. ಹುಡುಗಿಯರಿಗೆ ಎಲ್ಲಾ ಅರ್ಥವಾಗಿತ್ತು. ನಾನು ಬೋರ್ಡಿನ ಕಡೆ ತಿರುಗಿ ಮೂತ್ರಕೋಶ ಬರೆಯತೊಡಗಿದೆ. ಯಾಕೋ ತುಂಬಾ ದೊಡ್ಡದಾಗಿ ಬಂತು.

ಶಾಲೆಯಲ್ಲಿ ಶೌಚಾಲಯ ಇಲ್ಲವೇ ಅಂತ ಕೇಳಬೇಡ. ಇದೆ. ಫೋಟೋನೂ ಇದೆ. ಗೋಡೆಗೆ ಗುಲಾಬಿ ಬಣ್ಣ ಇದೆ. ಒಳಗೆ ಚಿಲಕ ಇಲ್ಲ, ಬೇಸಿಗೆಯಲ್ಲಿ ಟ್ಯಾಂಕಿನಲ್ಲಿ ನೀರಿಲ್ಲ, ಹೊರಗೆ ಬೀಗ ಮಾತ್ರ ಗಟ್ಟಿಯಾಗಿದೆ.

ಮೂತ್ರಕೋಶದಲ್ಲಿ 400–500 ಮಿಲಿ ಹಿಡಿಯುತ್ತದೆ. 150–200 ಆಗುವಾಗಲೇ ಮೊದಲ ಸೂಚನೆ ಬರುತ್ತದೆ. ಬಾಯಿಗೆ ಎರಡು ಸ್ನಾಯು ಬಳೆ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ಹೊರಗಿನದು ಕೇಳುತ್ತದೆ. ಅದನ್ನು ಬಿಗಿಹಿಡಿಯುವುದನ್ನು ಮೂರು ವರ್ಷದ ಮಗು ಕಲಿಯುತ್ತದೆ. ನಾವು ಅದರಲ್ಲಿ ಪಿಎಚ್‌ಡಿ ಮಾಡಿಕೊಂಡಿದ್ದೇವೆ. ಅವ್ವ ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋದರೆ ಬೆಳಕು ಹರಿಯುವ ಮುಂಚೆ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ, ಅಷ್ಟೇ. ಊರಿಗೆ ಹೊರಟರೆ ನನಗೂ ಅದೇ ಪಾಠ: "ನೀರು ಕುಡೀಬ್ಯಾಡ, ದಾರ್ಯಾಗ ಎಲ್ಲಿ ಕುಂದರ್ತಿ?" ಗಂಡಸರ ಮೂತ್ರದ ದಾರಿ 20 ಸೆಂಟಿಮೀಟರಿನಷ್ಟು ಉದ್ದ, ನಮ್ಮದು 4. ಬ್ಯಾಕ್ಟೀರಿಯಾ ಒಳಗೆ ಬರುವುದು ಅಷ್ಟು ಸುಲಭ. ಆಗಾಗ ಮೂತ್ರ ಹರಿದರೆ ಅದನ್ನು ತೊಳೆದುಕೊಂಡು ಹೋಗುತ್ತದೆ. ತಡೆದರೆ ಅಲ್ಲೇ ಬೆಳೆಯುತ್ತದೆ. ಉರಿಮೂತ್ರ ಬಂದಾಗಲೆಲ್ಲ ಉಷ್ಣ ಆಗಿದೆ ಅಂತ ಎಳನೀರು ಕುಡಿದು ಸುಮ್ನಾದವರು ನಾವು.

ಇಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಇನ್ನೊಂದು ಇದೆ.

ಹೋದ ವರ್ಷ ಸಿಆರ್‌ಪಿ ಅಂದರೆ ಸುತ್ತಲಿನ ಶಾಲೆಗಳಿಗೆ ಹೋಗಿ ನೋಡಿಕೊಳ್ಳುವವಳು ಆಗುವ ಅವಕಾಶ ಬಂದಾಗ ನಾನು ಒಲ್ಲೆ ಅಂದೆನಲ್ಲ. ಮಗಳ ಓದಿಗೆ ತೊಂದರೆಯಾಗುತ್ತದೆ ಅಂದೆ. ಎಲ್ಲರೂ ಹೊಗಳಿದರು. ನೀನೂ ಹೊಗಳಿದೆ, ತಾಯಿ ಅಂದರೆ ಹೀಗಿರಬೇಕು ಅಂತ. ನಿಜ ಏನು ಗೊತ್ತಾ? ದಿನವೂ ಊರೂರು ತಿರುಗಬೇಕು, ಯಾವ ಶಾಲೆಯಲ್ಲಿ ಚಿಲಕ ಇದೆ, ಯಾವುದರಲ್ಲಿ ಇಲ್ಲ ಅಂತ ಮನಸ್ಸಿನಲ್ಲೇ ಪಟ್ಟಿ ಮಾಡಿದೆ. ಪಟ್ಟಿ ನೋಡಿ ಹೆದರಿದೆ. ನನ್ನ ಬದಲು ಹೋದ ಸರ್ ಬೈಕಿನಲ್ಲಿ ಓಡಾಡುತ್ತಾರೆ. ಅವರಿಗೆ ಎಲ್ಲಾ ಕಡೆ ಜಾಲಿಗಿಡ ಸಿಗುತ್ತದೆ. ಒಳ್ಳೆಯವರೇ ಪಾಪ, ಅವರ ಮೇಲೆ ಸಿಟ್ಟಿಲ್ಲ. ಸಿಟ್ಟು ಬರುವುದು ಆ ಹೊಗಳಿಕೆ ನೆನಪಾದಾಗ. ಇದನ್ನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಈಗ ಇಲ್ಲಿ ಓದುತ್ತಾರೆ, ಇರಲಿ.

ಮೊನ್ನೆ ಮಗಳ ಸ್ಕೂಲ್ ಬ್ಯಾಗ್ ಎತ್ತಿದೆ. ಭಾರ ಇತ್ತು. ಬಾಟಲಿಯಲ್ಲಿ ಮುಕ್ಕಾಲು ನೀರು ಹಾಗೇ ಇತ್ತು. ಯಾಕೆ ಅಂತ ನಾನು ಕೇಳಲಿಲ್ಲ. ನಾನು ಅವಳಿಗೆ ಯಾವತ್ತೂ ನೀರು ಕುಡಿಯಬೇಡ ಅಂದವಳಲ್ಲ ಶಶಿ, ದೇವರಾಣೆ. ನೋಡಿಯೇ ಕಲಿತಿದ್ದಾಳೆ.

ಸರಿ, ಅಳುವ ಕಾರ್ಯಕ್ರಮ ಮುಗೀತು. ಲ್ಯಾಬ್‌ನವಳಾದ ನಿನ್ನ ಕಾಟಕ್ಕೆ ಟೆಸ್ಟ್ ಮಾಡಿಸಿದೆ. ಕ್ರಿಯಾಟಿನಿನ್, ಅದೇ ಕಿಡ್ನಿ ರಕ್ತದಿಂದ ಹೊರಗೆ ಹಾಕಬೇಕಾದ ಇನ್ನೊಂದು ಕಸ, ನಾರ್ಮಲ್. ಸೋಸುವ ಶಕ್ತಿ ಅರ್ಧದಷ್ಟು ಕಳೆದರೂ ಅದು ನಾರ್ಮಲ್ ಅಂತಲೇ ತೋರಿಸಬಹುದು ಅಂತ ನೀನೇ ಹೇಳಿದ್ದೆ. ಒಳ್ಳೆ ರಿಪೋರ್ಟನ್ನೂ ನೆಮ್ಮದಿಯಾಗಿ ಓದಲು ಬಿಡದವಳು ನೀನು. ಅದಿರಲಿ, ಲ್ಯಾಬಿನ ಹುಡುಗ ಪುಟ್ಟ ಡಬ್ಬಿ ಕೈಗೆ ಕೊಟ್ಟು ಟಾಯ್ಲೆಟ್ ತೋರಿಸಿದ. ಫಳಫಳ ಅನ್ನುತ್ತಿತ್ತು. ಚಿಲಕ ಇತ್ತು, ನಲ್ಲಿಯಲ್ಲಿ ನೀರಿತ್ತು, ಕನ್ನಡಿ ಕೂಡ! ಜೀವಮಾನದಲ್ಲಿ ಮೊದಲ ಸಲ ಯಾರೋ ಹೋಗಿ ಬನ್ನಿ ಅಂತ ಕೇಳಿಕೊಂಡರೆ ಒಂದು ಹನಿ ಬರಲಿಲ್ಲ. ಹೊರಗೆ ಕೂತು ಬಾಟಲಿಗಟ್ಟಲೆ ನೀರು ಕುಡಿದೆ. ನಮ್ಮ ಮನೆಯವರು ಕೆಳಗೆ ಹಾರ್ನ್ ಹೊಡೆದದ್ದೇ ಹೊಡೆದದ್ದು.

ಬೇಸಿಗೆ ರಜೆಗೆ ಬಾ. ಸುಸಲಾ, ಮಿರ್ಚಿ ನನ್ನ ಲೆಕ್ಕ. ಬಸ್ಸಿಗೆ ಬರಬೇಡ, ರೈಲಿಗೆ ಬಾ. ರೈಲಿನಲ್ಲಿ ಟಾಯ್ಲೆಟ್ ಇರುತ್ತದೆ, ಅಲ್ವಾ.

ಇಂತಿ ನಿನ್ನ,
ಏಳನೇ ನಂಬರ್