ಕ್ರಾಸ್ ನಾಯಿ ಕೆಲ್ಸಕ್ಕ ಬರಂಗಿಲ್ಲ ಅನ್ನೂದು ಖರೇ ಅಲ್ಲ

ಸಂಪಾದಕರಿಗೆ ನಮಸ್ಕಾರ ರೀ,

ಹೋದ ವಾರ ನಿಮ್ಮ ಪೇಪರಿನ್ಯಾಗ ಬೇಟೆ ನಾಯಿ ಮ್ಯಾಲ ಬಂದ ಲೇಖನ ಓದಿದೆ. ಚೊಲೋ ಐತಿ, ಆದ್ರ ಕೆಲ್ಸಕ್ಕ ಶುದ್ಧ ತಳಿನ ಬೇಕು, ಎರಡು ತಳಿ ಕೂಡಿಸಿ ಹುಟ್ಟಿಸಿದ ಕ್ರಾಸ್ ನಾಯಿ ಯಾತಕ್ಕೂ ಬರಂಗಿಲ್ಲ ಅಂತ ಒಂದ ಸಾಲಿನ್ಯಾಗ ಕಟ್ ಮಾಡಿ ಬಿಟ್ಟಾರಲ್ಲ, ಅದಕ್ಕ ಈ ಪತ್ರ ಬರ್ಯಾಕತ್ತೀನಿ. ನಾನು ಮುಧೋಳ ತಾಲೂಕಿನ ರೈತ, ನಮ್ಮಪ್ಪನ ಕಾಲದಿಂದ ಮನ್ಯಾಗ ಮುಧೋಳ ನಾಯಿ ಅದಾವ. ಮಗಳು ಅಳಿಯ ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ಇರ್ತಾರ, ಹಿಂಗಾಗಿ ಅಲ್ಲಿ ಹೋದಾಗ ವಿಪ್ಪೆಟ್ ಅನ್ನೂ ನಾಯಿ ಮತ್ತ ಅದರ ಕ್ರಾಸ್‌ಗಳು ಕೆಲ್ಸ ಮಾಡೂದನ್ನೂ ನೋಡೀನಿ.

ವಿಪ್ಪೆಟ್ ಅಂದ್ರ ನೋಡಾಕ ನಮ್ಮ ಮುಧೋಳದ ತಮ್ಮ ಇದ್ದಾಂಗ ಐತಿ ಬಿಡ್ರಿ. ಉದ್ದ ಮೂತಿ, ಆಳ ಎದಿ, ಒಳಗ ಹೋದ ಹೊಟ್ಟಿ, ವಾಸನಿಗಿಂತ ಕಣ್ಣ ಮ್ಯಾಲ ಬೇಟೆ. ಗಂಡು ವಿಪ್ಪೆಟ್ಟಿನ ಎತ್ತರ 47ರಿಂದ 51 ಸೆಂಟಿಮೀಟರ್ ಅಷ್ಟ, ನಮ್ಮವು 70ರ ಆಸುಪಾಸು. ಆದ್ರ ಓಟ ಮಾತ್ರ ತಾಸಿಗೆ 55 ಕಿಲೋಮೀಟರ್ ತನಕ ಹೋಗ್ತೈತಿ ಅದು. ಇದನ್ನ ಸಾಕಿ ಬೆಳೆಸಿದವರು ರಾಜ ಮಹಾರಾಜರಲ್ಲ, ಉತ್ತರ ಇಂಗ್ಲೆಂಡಿನ ಕಲ್ಲಿದ್ದಲ ಗಣಿ ಕೂಲಿಕಾರರು, ಮಿಲ್ಲಿನ್ಯಾಗ ದುಡಿಯೂ ಮಂದಿ. ರಜಾ ದಿನ ರೇಸ್ ಹಚ್ಚೂದು, ಮಾಲಕ ಆ ತುದಿಗೆ ನಿಂತು ಅರಿವಿ ಬೀಸೂದು, ನಾಯಿ ಅರಿವಿ ನೋಡಿ ಜೀವ ಬಿಟ್ಟು ಓಡೂದು. ಉಳದ ದಿನ ಅದ ನಾಯಿ ಮೊಲ ಹಿಡದು ಮನಿ ಒಲಿಗೆ ತರೂದು. ಸಣ್ಣ ಗ್ರೇಹೌಂಡಿಗೆ (ಜೋರ ಓಡೂ ರೇಸಿನ ನಾಯಿ) ಟೆರಿಯರ್ (ಬಿಲದ ಪ್ರಾಣಿ ಹಿಡಿಯೂ ಗಿಡ್ಡ ನಾಯಿ) ಕೂಡಿಸಿ ಮಾಡಿದ್ದು ಈ ತಳಿ ಅಂತಾರ, 1890ರ ಸುಮಾರಿಗೆ ನಾಯಿ ತಳಿ ನೋಂದಣಿ ಮಾಡೂ ಅಲ್ಲಿನ ಕೆನಲ್ ಕ್ಲಬ್ ಇದನ್ನ ತಳಿ ಅಂತ ಒಪ್ಕೊಂತು. ಅಲ್ಲೀತನ ಅದೂ ಕ್ರಾಸೇ ಅಲ್ಲೇನ್ರಿ?

ಈಗ ಕೆಲ್ಸಕ್ಕ ಬರೂಣು. ಅಳಿಯನ ಊರಿನ ರೈತ ಒಬ್ಬರ ಹೊಲದಾಗ ಮೊಲದ ಕಾಟ ಭಾಳ, ಅವರು ಬಿಲದಾಗ ಫೆರೆಟ್ ಅನ್ನೂ ಸಣ್ಣ ಪ್ರಾಣಿ ಬಿಡ್ತಾರ, ಅದು ಒಳಗ ಹೋಗಿ ಮೊಲ ಹೊರಗ ಎಬ್ಬಸ್ತೈತಿ, ಮ್ಯಾಲ ನಾಯಿ ಕಾಯ್ಕೊಂಡು ನಿಂತಿರ್ತೈತಿ. ಅವರ ಕಡೆ ಎರಡೂ ಇದ್ವು, ಒಂದು ಪ್ಯೂರ್ ವಿಪ್ಪೆಟ್, ಒಂದು ಬೆಡ್ಲಿಂಗ್ಟನ್ ಟೆರಿಯರ್ ಜೋಡಿ ಆದ ಕ್ರಾಸ್. ಬಯಲಾಗ ಮೊಲ ಹೊಂಟಿದ್ದ ತಡ ವಿಪ್ಪೆಟ್ ನಾಕ ಜಿಗಿತಕ್ಕ ಅದರ ಬೆನ್ನ ಮ್ಯಾಲ, ಕ್ರಾಸ್ ನಾಯಿ ಅಷ್ಟ್ರಾಗ ಅರ್ಧ ದಾರ್ಯಾಗ ಇರೂದು. ಆದ್ರ ಮೊಲ ಮುಳ್ಳಕಂಟಿ ಒಳಗ ಹೊಕ್ತು ಅಂದ್ರ ವಿಪ್ಪೆಟ್ ಅಂಚಿಗೆ ನಿಂತು ಮಾಲಕನ ಮುಖ ನೋಡ್ತಿತ್ತು. ಯಾಕಂದ್ರ ಚರ್ಮ ಭಾಳ ತೆಳು, ಕೂದಲ ಗಿಡ್ಡ, ತಂತಿ ಬೇಲಿಗೆ ಸ್ವಲ್ಪ ತಾಗಿದ್ರೂ ಹರದು ಹೊಲಿಗಿ ಹಾಕ್ಸೂ ಪಾಳಿ ಬರ್ತೈತಿ. ಕ್ರಾಸ್ ನಾಯಿ ಮೈ ತುಂಬ ಒರಟ ಕೂದಲ, ಮೂಗೂ ಚುರುಕು, ಕಂಟ್ಯಾಗ ನುಗ್ಗಿ ಹುಡಕಿ ಹಿಡ್ಕೊಂಡು ಬಂದು ಕೈಗೆ ಕೊಡ್ತಿತ್ತು. ಮಳಿ ಹತ್ತಿದ ಮ್ಯಾಲಂತೂ ವಿಪ್ಪೆಟ್ಟಿಗೆ ಕೋಟ್ ಹಾಕಿ ಗಾಡ್ಯಾಗ ಕುಂದರಿಸಿದ್ರು, ಕ್ರಾಸ್ ಮೈ ಜಾಡಿಸಿ ಮತ್ತ ಹೊಂಟಿತು. ಇಂಥಾ ಕ್ರಾಸಿಗೆ ಅವರು ಲರ್ಚರ್ ಅಂತಾರ, ಹಂಗ ಹೇಳಾಕ ಯಾರಿಗೂ ನಾಚಿಕಿ ಇಲ್ಲ. ಮಾತ ಕೇಳೂ ನಾಯಿ ಬೇಕಾದ್ರ ಕುರಿ ಕಾಯೂ ಕೋಲಿ ನಾಯಿ ಕೂಡಸ್ತಾರ, ಸ್ಪೀಡ್ ಬೇಕಾದ್ರ ಗ್ರೇಹೌಂಡ್. (ಮತ್ತ ಕಾಯ್ದೆ ಅಲ್ಲೂ ಐತಿ, 2004ರ ಹಂಟಿಂಗ್ ಆ್ಯಕ್ಟಿನ ಪ್ರಕಾರ ಹೊಲದ ಮಾಲಕನ ಒಪ್ಪಿಗಿ ಇದ್ರ ಬಿಲದ ಮೊಲ, ಇಲಿ ಹಿಡೀಬಹುದು, ಹೇರ್ ಅನ್ನೂ ದೊಡ್ಡ ಕಾಡುಮೊಲ ನಾಯಿ ಬಿಟ್ಟು ಹಿಡಿಯಂಗಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇರೂದ್ರಿಂದ ಮೊಲದ ಬೇಟೆನ ಅಪರಾಧ, ಅದನ್ನ ನಮ್ಮ ಹುಡುಗರು ಮರೀಬಾರ್ದು.)

ಇಷ್ಟ ಕೇಳಿ ಕ್ರಾಸೇ ಮೇಲು ಅಂತ ಹೊಂಟೀನಿ ಅಂತ ತಿಳ್ಕೊಬ್ಯಾಡ್ರಿ. ಮೊದಲ ಕ್ರಾಸಿನ ಮರಿ ಹೆಚ್ಚು ಕಮ್ಮಿ ಒಂದ ನಮೂನಿ ಬರ್ತಾವ, ಗಟ್ಟಿನೂ ಇರ್ತಾವ. ಆದ್ರ ಕ್ರಾಸಿಗೆ ಕ್ರಾಸ್ ಕೂಡಿಸಿದ್ರ ಅದ ಸೂಲಿನ್ಯಾಗ ಒಂದು ಟೆರಿಯರ್ ಹಂಗ ಗಿಡ್ಡ, ಇನ್ನೊಂದು ಓಟಕ್ಕ ಬಂದ್ರ ಬುದ್ಧಿಗೆ ಬರಂಗಿಲ್ಲ, ಯಾವ್ದು ಏನಾಗ್ತೈತಿ ಅಂತ ಯಾರೂ ಹೇಳಾಕ ಆಗೂದಿಲ್ಲ. ಅದಕ್ಕ ಆ ರೈತ ಪ್ರತಿ ಸಲ ಕೂಡಸಾಕ ಪ್ಯೂರ್ ವಿಪ್ಪೆಟ್ ಹುಡಕ್ಕೊಂಡು ಹೋಗ್ತಾರ. ಚೊಲೋ ಕ್ರಾಸ್ ಬೇಕಂದ್ರ ಹಿಂದ ಚೊಲೋ ಶುದ್ಧ ತಳಿ ಇರಲೇಬೇಕು, ನಾ ಹೇಳಾಕ ಹೊಂಟಿದ್ದು ಇಷ್ಟ.

ಬರೇ ಶುದ್ಧ ಅನ್ನೂದ್ರಾಗೂ ಎಲ್ಲಾ ಸರಿ ಇರಂಗಿಲ್ಲ ಮತ್ತ. ವಿಪ್ಪೆಟ್ಟಿನ್ಯಾಗ ಮೈಯಾನ ಮಾಂಸ ಅತಿ ಬೆಳೀದಂಗ ತಡಿಯೂ ಮಯೋಸ್ಟಾಟಿನ್ ಅನ್ನೂ ಜೀನಿನ ದೋಷ ಐತಿ ಅಂತ 2007ರಾಗ ಕಂಡ ಹಿಡದ್ರು. ಆ ದೋಷದ ಒಂದ ಪ್ರತಿ ಇದ್ದ ನಾಯಿ ರೇಸಿನ್ಯಾಗ ಮುಂದ ಬರ್ತಾವ, ತಂದಿ ತಾಯಿ ಇಬ್ರಿಂದಲೂ ಬಂದ್ರ ಮರಿ ಪೈಲ್ವಾನರ ಗತಿ ಮಾಂಸ ಬೆಳಕೊಂಡು ಹುಟ್ತೈತಿ, ಅದಕ್ಕ ಬುಲ್ಲಿ ವಿಪ್ಪೆಟ್ ಅಂತಾರ. ಗೆದ್ದ ನಾಯಿಗೆ ಗೆದ್ದ ನಾಯಿನ ಕೂಡಸ್ಕೊಂತ ಹೋದ್ರ ಹಿಂಗ ಆಗ್ತೈತಿ.

ಇನ್ನ ನಮ್ಮೂರ ಕತಿ. 2005ರಾಗ ಪೋಸ್ಟ್ ಇಲಾಖೆ ಮುಧೋಳ ನಾಯಿ ಸ್ಟ್ಯಾಂಪ್ ತಗೀತು, ತಿಮ್ಮಾಪುರದಾಗ ಸಂಶೋಧನಾ ಕೇಂದ್ರ ಆತು, 2016ರಾಗ ಮರಿ ಮೀರತ್ತಿನ್ಯಾಗಿನ ಸೈನ್ಯದ ನಾಯಿ ತರಬೇತಿ ಕೇಂದ್ರಕ್ಕೂ ಹೋದ್ವು. ಹೆಸರು ಬಂದ ಕೂಡ್ಲೆ ರೇಟೂ ಬಂತು. ಈಗ ನಮ್ಮ ಕಡೆ ಗ್ರೇಹೌಂಡ್ ಕೂಡಿಸಿದ ಮರಿನ್ನ ಪ್ಯೂರ್ ಮುಧೋಳ ಅಂತ ಮಾರಾಕ ಹತ್ಯಾರ. ಹುಲ್ಲಿನ ಮ್ಯಾಲ ಒಂದ ರೌಂಡ್ ಓಡಿಸಿದ್ರ ಅದು ನಮ್ಮದಕ್ಕಿಂತ ಜೋರ ಓಡ್ತೈತಿ, ಒಪ್ಕೊಂತೀನಿ. ಆದ್ರ ಬ್ಯಾಸಗ್ಯಾಗ ಎರಿ ಹೊಲ ಬಿರಕ ಬಿಟ್ಟಿರ್ತೈತಿ ನೋಡ್ರಿ, ಅಲ್ಲಿ ಕಬ್ಬಿಗೆ ಬಂದ ಹಂದಿ ಓಡಸ್ಕೊಂಡು ಒಡ್ಡು ಹಾರಿ ಹಾರಿ ಹೋಗೂ ಪಾಳಿ ಬಂದಾಗ ನಮ್ಮ ಮನ್ಯಾಗಿದ್ದ ಕ್ರಾಸ್ ನಾಯಿ ನಾಲಿಗಿ ಹೊರಗ ಹಾಕಿ ಬೇವಿನ ಗಿಡದ ಬುಡಕ್ಕ ಬೀಳ್ತಿತ್ತು, ಹಳೆ ಮುಧೋಳ ಹೆಣ್ಣ ನಾಯಿ ಇನ್ನೂ ಆ ಕಡೆ ಒಡ್ಡಿನ ಮ್ಯಾಲ ಇರ್ತಿತ್ತು.

ಕ್ರಾಸ್ ಮಾರ್ರಿ, ಬ್ಯಾಡ ಅನ್ನಂಗಿಲ್ಲ. ಕ್ರಾಸ್ ಅಂತ ಹೇಳಿ ಮಾರ್ರಿ, ಯಾವ್ದಕ್ಕ ಯಾವ್ದು ಕೂಡಿಸೀರಿ ಅಂತ ಚೀಟಿ ಬರದು ಕೊಡ್ರಿ, ತಾಯಿ ನಾಯಿನ್ನ ತೋರಸ್ರಿ. ಸುಳ್ಳ ಹೇಳಿ ಮಾರಿದ ಕ್ರಾಸ್ ನಾಳೆ ಪ್ಯೂರ್ ಅಂತ ಇನ್ನೊಂದ ಮನ್ಯಾಗ ಸೂಲು ಹಾಕ್ತೈತಿ, ಹಂಗ ನಾಕೈದು ತಲಿ ಹ್ವಾದ್ರ ಕೂಡಸಾಕ ಶುದ್ಧ ನಾಯಿನ ಸಿಗೂದಿಲ್ಲ. ನಿಮ್ಮ ವರದಿಗಾರರು ಮುಂದಿನ ಸಲ ಈ ಕಡೆ ಬಂದ್ರ ಮರಿ ರೇಟ್ ಎಷ್ಟು ಅಂತ ಕೇಳೂದ್ರ ಜೋಡಿ ಅದರ ತಾಯಿ ಹೊಲದಾಗ ಏನ ಕೆಲ್ಸ ಮಾಡ್ತೈತಿ ಅಂತಾನೂ ಕೇಳಿ ಬರೀಲಿ.

ಇಂತಿ,
ನಿಮ್ಮ ಓದುಗ, ಮುಧೋಳ ತಾಲೂಕು