ಇಲಿಯ ಸುದ್ದಿ ಅರ್ಧ ಬರೆದಿರಿ, ನನ್ನ ತಮ್ಮ ಮಾತ್ರೆ ಬಿಟ್ಟ

ಮಾನ್ಯರೇ,

ಸ್ಕಿಜೋಫ್ರೀನಿಯಾ ಅನ್ನೋ ಮಾನಸಿಕ ಕಾಯಿಲೆಯ ಔಷಧಿ ಕೊಟ್ಟರೆ ಇಲಿಯ ಮೆದುಳಿನ ಅಲೆ ಮಂಕಾಗುತ್ತದೆ ಅಂತ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು, ಅದೇ ಕಾಯಿಲೆಯ ನನ್ನ ತಮ್ಮ ಕತ್ತರಿಸಿ ಫ್ರಿಡ್ಜ್ ಬಾಗಿಲಿಗೆ ಅಂಟಿಸಿದ್ದಾನೆ. ‘ಮೆದುಳಿನ ಅಲೆ ಮಂಕು’ ಅನ್ನೋದರ ಕೆಳಗೆ ಕೆಂಪು ಪೆನ್ನಿನ ಗೆರೆ ಬೇರೆ. ಅವತ್ತಿನಿಂದ ತನ್ನ ಮಾತ್ರೆ ಕ್ಲೋಜಪಿನ್ ಮುಟ್ಟಲಿಲ್ಲ. ‘ಇಲಿಗೇ ಹೀಗಾದ್ರೆ ನನ್ನ ಗತಿ ಏನಕ್ಕಾ?’ ಅಂತ ಕೇಳಿದ.

ಕ್ಲೋಜಪಿನ್, ಅದೇ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್ ಕೊಟ್ಟ ಇಲಿಗಳಲ್ಲಿ ಮೆದುಳಿನ ಗಾಮಾ ಅಲೆ, ಅಂದರೆ ಸೆಕೆಂಡಿಗೆ 30ಕ್ಕಿಂತ ಜಾಸ್ತಿ ಸಲ ಏಳುವ ಅಲೆ, ತಗ್ಗುತ್ತದೆ. ನಿಜ. ಆದರೆ ಕೆಟಮಿನ್ ಅನ್ನೋ ಅರಿವಳಿಕೆ ಔಷಧಿ ಕೊಟ್ಟ ಇಲಿಯಲ್ಲಿ ಅದೇ ಅಲೆ ವಿಪರೀತ ಏರುತ್ತದಲ್ವಾ? ಈ ಕಾಯಿಲೆಯ ಕೆಲವು ಲಕ್ಷಣಗಳನ್ನು ಇಲಿಯಲ್ಲಿ ತರಿಸಲು ಕೆಟಮಿನ್ ಕೊಡುತ್ತಾರೆ. ಆ ಏರಿಕೆಯನ್ನು ಔಷಧಿ ತಡೆಯುತ್ತದಾ ಅಂತ ನೋಡುತ್ತಾರೆ. ಅಲೆ ತಗ್ಗಿದ ಮಾತ್ರಕ್ಕೆ ಮೆದುಳು ಮಂಕಾಯಿತು ಅಂತಲ್ಲ. ಈ ಮಾತನ್ನೇ ಬಿಟ್ಟಿರಿ. ಕ್ಲೋಜಪಿನ್ ಡೋಸ್ ಜಾಸ್ತಿಯಾದರೆ ಫಿಟ್ಸ್ ಬರಬಹುದು, ನಮಗೂ ಗೊತ್ತು. ಅದಕ್ಕೇ ಡಾಕ್ಟರು ಅವನಿಗೆ ಇಇಜಿ, ಅಂದರೆ ಮೆದುಳಿನ ಅಲೆಯ ಪರೀಕ್ಷೆ, ಮಾಡಿಸಿದ್ದರು.

ಈ ಮಾತ್ರೆ 48 ಗಂಟೆಗಿಂತ ಜಾಸ್ತಿ ತಪ್ಪಿದರೆ ಹಳೇ ಡೋಸ್ ಒಮ್ಮೆಲೇ ಕೊಡುವ ಹಾಗಿಲ್ಲ. ಮತ್ತೆ 12.5 ಮಿಲಿಗ್ರಾಂನಿಂದ ಶುರು ಮಾಡಬೇಕು. ಮೊದಲ ಸಲ 18 ವಾರ, ವಾರವಾರ ರಜೆ ಹಾಕಿ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ನಿನ್ನೆ ಮಳೆಯಲ್ಲಿ ಜಯನಗರದಿಂದ ಬನಶಂಕರಿವರೆಗೆ ಅಲೆದೆ. ನಾಲ್ಕು ಮೆಡಿಕಲ್ ಶಾಪಿನಲ್ಲಿ 25 ಮಿಲಿಗ್ರಾಂ ಮಾತ್ರೆಯ ಸ್ಟ್ರಿಪ್ ಇಲ್ಲ. ಐದನೆಯದರಲ್ಲಿ ಸಿಕ್ಕಿತು. ಆಟೊದವರು ಮೀಟರ್ ಹಾಕಲಿಲ್ಲ. ಮನೆಗೆ ಬಂದು ಈಳಿಗೆಮಣೆಯಲ್ಲಿ ಮಾತ್ರೆ ಅರ್ಧ ಮಾಡಿದರೆ ಒಂದು ಚೂರು ಪುಡಿಯಾಯಿತು. ಅಮ್ಮ ಕೈ ಹಿಡಿದು ಬೇಡಿಕೊಂಡ ಮೇಲೆ ಇನ್ನೊಂದು ಚೂರು ನುಂಗಿದ.

ನಮ್ಮ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿದರೆ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’. ಎಷ್ಟು ಮುಂದಿನ ವಾರ? ಅಂಗವಿಕಲರ ಪ್ರಮಾಣಪತ್ರಕ್ಕೆ ಹೋದಾಗ ಗುಮಾಸ್ತರು ತಮ್ಮನ ಎದುರಿಗೇ ‘ಕೈಕಾಲು ಸರಿ ಇದೆಯಲ್ಲಮ್ಮ’ ಅಂದರು. ಮಾನಸಿಕ ಕಾಯಿಲೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ ಅಂತ ನಾನೇ ಓದಿ ಹೇಳಬೇಕಾಯಿತು. ಆ ಕಚೇರಿಯ ಮೆಟ್ಟಿಲು ಮೂರು ಸಲ ಹತ್ತಿ ಇಳಿದೆ. ಸಂಬಳ ತಗೊಳ್ಳೋರಿಗೆ ಇಷ್ಟೂ ಗೊತ್ತಿರಬಾರದಾ?

ಮನೋವೈದ್ಯರೊಬ್ಬರನ್ನು ಕೇಳಿ ಆ ಸುದ್ದಿಯನ್ನು ಪೂರ್ತಿ ಬರೆಯಿರಿ. ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ, ಫ್ರಿಡ್ಜಿಗೆ ಅದನ್ನೂ ಅಂಟಿಸುತ್ತೇನೆ. ಆರೋಗ್ಯ ಇಲಾಖೆಯವರೂ ಮಾತ್ರೆ ಸಿಗುವ ಹಾಗೆ ಮಾಡಲಿ. ಯಾರಾದರೂ ಏನಾದರೂ ಮಾಡಿ. ಅವನು ನಾಳೆ ಮತ್ತೆ ಬೇಡ ಅಂದರೆ ಅಮ್ಮನ ಕೈಲಿ ಆಗಲ್ಲ.

– ಒಬ್ಬ ಅಕ್ಕ, ಜಯನಗರ, ಬೆಂಗಳೂರು